ಅಧ್ಯಕ್ಷರ ದನಿ ಇನ್ನೊಂದಿಷ್ಟು ಮೇಲೆ

ಬೆಳಿಗ್ಗೆ ಏಳು ಗಂಟೆಗೆ ಪುರಸಭೆ ಅಧ್ಯಕ್ಷ ಶಿವಮೂರ್ತೆಪ್ಪ ಬಳಿಗಾರರು ಕಚೇರಿಯ ಮುಂದಿನ ಹೊಸ ಗಡಿಯಾರವನ್ನು ಉದ್ಘಾಟಿಸಿ ಭಾಷಣಕ್ಕೆ ನಿಂತರು. ಅದೇ ಹೊತ್ತಿಗೆ ರಸ್ತೆಯಾಚೆಯ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಕಾಶವ್ವನ ದನಿ ಹೋಯಿತು. ಒಂದು ಬುಟ್ಟಿ ಬದನೆಕಾಯಿ ಮುನ್ನೂರು ರೂಪಾಯಿಗೆ ನಿಂತಿತ್ತು. "ಮುನ್ನೂರು ಒಂದ್ಸಲ, ಮುನ್ನೂರು ಎರಡ್ಸಲ" ಎಂದಿದ್ದಳು. ಮೂರನೆಯದಕ್ಕೆ ಬಾಯಿ ತೆರೆದಳು, ಏನೂ ಬರಲಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಮೂರ್ಸಲ ಎನ್ನದೆ ಮಾಲು ಕೈ ಬದಲಾಗುವುದಿಲ್ಲ. ಬದನೆಕಾಯಿಯನ್ನು ತಲೆಯ ಮೇಲೆ ಹೊತ್ತು ತಂದಿದ್ದ ಮುದುಕಿ ಬಿಸಿಲೇರುವವರೆಗೆ ಕಾದಳು. ಕಾಯಿ ಬಾಡಿದ ಮೇಲೆ ಬುಟ್ಟಿ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು. ಅಧ್ಯಕ್ಷರು ಅಂದು ಒಂದೂವರೆ ಗಂಟೆ ಮಾತನಾಡಿದರು. ವಿಷಯ: ಇನ್ನೊಬ್ಬರ ಸಮಯಕ್ಕೆ ಬೆಲೆ ಕೊಡುವುದು.

ನಮ್ಮೂರಿನಲ್ಲಿ ದನಿ ಇರುವುದೇ ಇಷ್ಟು. ಒಬ್ಬರು ಎತ್ತಿದರೆ ಇನ್ನೊಬ್ಬರದು ಇಳಿಯಬೇಕು. ಮೊದಲು ಹೋಗುವುದು ಪಕ್ಕದಲ್ಲಿದ್ದವರದು, ಸಾಲದಿದ್ದರೆ ಅವರ ಪಕ್ಕದವರದು, ಹೀಗೆ ದೂರ ದೂರಕ್ಕೆ. ಹೋದ ದನಿ ಎಷ್ಟು ಹೊತ್ತು ಹೋಗಿತ್ತೋ ಅಷ್ಟು ಹೊತ್ತು ಕಾಯಿಸಿ ತಿರುಗಿ ಬರುತ್ತದೆ. ಬಾಯಿಂದ ಬಂದರೂ ಅಷ್ಟೇ, ಸ್ಪೀಕರಿನಿಂದ ಬಂದರೂ ಅಷ್ಟೇ. ಊರ ಪೂರ್ವಕ್ಕೆ ಹಳ್ಳವಿದೆ, ಹಳ್ಳದಾಚೆ ಈ ಲೆಕ್ಕ ನಡೆಯುವುದಿಲ್ಲ. ಇದಕ್ಕೆ ನಾವು ಹೊಂದಿಕೊಂಡು ಎಷ್ಟೋ ತಲೆಮಾರಾಯಿತು. ಮದುವೆಗೆ ಬಂದವರು ಮುಯ್ಯಿಯಾಗಿ ತಮ್ಮ ಮೌನ ಕೊಡುತ್ತಾರೆ. ಬೀಗರು ಬಾಯಿ ಮುಚ್ಚಿಕೊಂಡಷ್ಟೂ ಓಲಗ ಚೆನ್ನಾಗಿ ಕೇಳುತ್ತದೆ, ಮುಂದೆ ಅವರ ಮನೆಯ ಮದುವೆಗೆ ಇವರು ಅಷ್ಟೇ ಹೊತ್ತು ಸುಮ್ಮನೆ ಕೂತು ಮುಯ್ಯಿ ತೀರಿಸುತ್ತಾರೆ. ಅತ್ತೆ ಬೈಯಲು ಬಾಯಿ ತೆರೆದರೆ ಜಾಣ ಸೊಸೆ ತೊಟ್ಟಿಲಿನ ಮಗುವನ್ನು ಮೆಲ್ಲಗೆ ಚಿವುಟುತ್ತಾಳೆ. ಕಳ್ಳರು ಅಧ್ಯಕ್ಷರ ಭಾಷಣದ ದಿನವನ್ನು ವಿಚಾರಿಸಿಕೊಂಡು ಹೊರಡುತ್ತಾರೆ, ಅಂದು ನಾಯಿ ಬೊಗಳುವುದಿಲ್ಲ. ಅಧ್ಯಕ್ಷರ ಸುತ್ತ ನಿಲ್ಲುವವರಿಗೆ ಮಾತ್ರ ಇದರಿಂದ ತೊಂದರೆಯಿಲ್ಲ. ಅವರ ಕೆಲಸ ಚಪ್ಪಾಳೆ ಹೊಡೆಯುವುದು. ಚಪ್ಪಾಳೆಗೆ ದನಿ ಬೇಕಿಲ್ಲ.

ನಾನು ಮೊದಲು ಊರಿನ ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಪತ್ರಿಕೆ ನಿಂತ ಮೇಲೆ ಪುರಸಭೆಯ ಪಾಡ್‌ಕಾಸ್ಟ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅದು ಶುರುವಾದದ್ದು ಹೀಗೆ: ಜನರ ಅಹವಾಲನ್ನು ಕೇಳದೆ ಯಾವ ಠರಾವನ್ನೂ ಮಾಡಬಾರದು ಎಂದು ಮೇಲಿನಿಂದ ಆದೇಶ ಬಂತು. ಜನ ಸಭೆಗೇ ಬಂದು ಅಹವಾಲು ಹೇಳತೊಡಗಿದರು. ಆದರೆ ಅಧ್ಯಕ್ಷರು "ಹೇಳ್ರಿ, ಹೇಳ್ರಿ, ಸಂಕೋಚ ಬ್ಯಾಡ" ಎಂದು ಬಾಯ್ತುಂಬ ಕರೆಯುತ್ತಿದ್ದಂತೆ ಎದುರು ನಿಂತವರ ದನಿ ಹೋಗುತ್ತಿತ್ತು. ಹಾಗಾಗಿ ಅಹವಾಲನ್ನೂ ಅಧ್ಯಕ್ಷರ ಉತ್ತರವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ, ಜೋಡಿಸಿ, ಜನರ ಫೋನಿಗೆ ಕಳಿಸುವುದು, ಅದನ್ನೇ ಸಭೆಯಲ್ಲಿ ಸ್ಪೀಕರಿಗೆ ಹಾಕಿ ಕೇಳಿಸುವುದು ಎಂದಾಯಿತು. ಜೋಡಿಸುವವಳು ನಾನು.

ಗಡಿಯಾರದ ಉದ್ಘಾಟನೆಯಾದ ವಾರ ಅಧ್ಯಕ್ಷರು ಹೊಸ ಠರಾವು ತಂದರು: ತರಕಾರಿ ಮಾರುಕಟ್ಟೆಯನ್ನು ಹಳ್ಳದಾಚೆಗೆ ಸಾಗಿಸುವುದು. ಕಾರಣ ಎಂದು ಬರೆದದ್ದು ಸ್ವಚ್ಛತೆ. ನಿಜವಾದ ಕಾರಣ ಊರಿಗೆಲ್ಲ ಗೊತ್ತಿತ್ತು. ಬೆಳಗಿನ ಹೊತ್ತು ಕಾಶವ್ವ ಗಂಟಲು ಬಿಟ್ಟು ಕೂಗಿದರೆ ರಸ್ತೆಯೀಚೆ ಅಧ್ಯಕ್ಷರ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಮಾರುಕಟ್ಟೆ ಹಳ್ಳ ದಾಟಿದರೆ ಅಲ್ಲಿ ಖರ್ಚಾಗುತ್ತಿದ್ದ ದನಿಯೆಲ್ಲ ಅವರ ಪಾಲಿಗೆ ಉಳಿಯುತ್ತಿತ್ತು.

ಅಧ್ಯಕ್ಷರ ಉತ್ತರವನ್ನು ಮೊದಲು ರೆಕಾರ್ಡ್ ಮಾಡಿದೆ. ನಮ್ಮ ರೆಕಾರ್ಡಿಂಗ್ ಕೋಣೆ ಹಳೆಯ ಬೀಜದ ಉಗ್ರಾಣ; ಸದ್ದು ಗೋಡೆಗೆ ಬಡಿದು ಮರಳದಂತೆ ಸುತ್ತ ಕೌದಿ ಹೊಡೆದಿದ್ದೇನೆ. ಅಹವಾಲು ಇನ್ನೂ ಬಂದಿರಲಿಲ್ಲ, ಉತ್ತರ ಮಾತ್ರ ಸಿದ್ಧವಿತ್ತು. ನಲವತ್ತು ನಿಮಿಷ ಮಾತನಾಡಿದರು. ಮರುದಿನ ಕಾಶವ್ವ ಬಂದಳು. ಅಗಲ ಕುಂಕುಮ, ತೋಳಿನವರೆಗೆ ಹಸಿರು ಬಳೆ, ಸೆರಗಿನ ತುದಿಯಲ್ಲಿ ಎಲೆಅಡಿಕೆಯ ಗಂಟು. ಅವಳ ಹಿಂದೆಯೇ ಅಧ್ಯಕ್ಷರೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತರು.

"ಸರ್, ಒಬ್ಬರ ರೆಕಾರ್ಡಿಂಗ್ ಆಗೂವಾಗ ಇನ್ನೊಬ್ರು ಇರಬಾರದು ಅಂತ ನಿಯಮ ಅದ" ಎಂದೆ.

"ನಾ ಎಲ್ಲಿ ಮಾತಾಡಾಕತ್ತೀನ್ರಿ? ಪ್ರಜೆಗಳ ಕಷ್ಟ ಕೇಳಾಕ ಬಂದೀನಿ" ಎಂದರು.

ಅವರು ಮಾತನಾಡಲಿಲ್ಲ, ನಿಜ. "ಹೂಂ" ಎನ್ನುತ್ತಿದ್ದರು. ಕಾಶವ್ವ ಒಂದು ವಾಕ್ಯ ಹೇಳಿದರೆ ಇವರು ಮರುಕದಿಂದ ಉದ್ದಕ್ಕೆ "ಹೂಂ" ಎನ್ನುವರು, ಅವಳ ಮುಂದಿನ ವಾಕ್ಯ ಅಷ್ಟು ತಗ್ಗುವುದು. ಅಂಗಡಿ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು ಕೊನೆಗೆ ಪಿಸುಮಾತಿಗೆ ಇಳಿಯಿತು. ಆದರೂ ಹೇಳಬೇಕಾದ್ದನ್ನು ಹೇಳಿದಳು: "ಸಂತಿ ಹಳ್ಳದಾಚಿಗೆ ಒಯ್ದ್ರ ತಲಿ ಮ್ಯಾಲೆ ಬುಟ್ಟಿ ಹೊತ್ತು ಬರೋ ಹೆಣ್ಣಮಕ್ಕಳು ಅಲ್ಲೀಮಟ ಬರೂದಿಲ್ರಿ. ಅವ್ರು ಬರ್ಲಿಲ್ಲಂದ್ರ ನಾ ಏನು ಕೂಗ್ಲಿ, ಕಲ್ಲು ಕೂಗ್ಲೇನು? ಅಧ್ಯಕ್ಷರು ಮಾತಾಡ್ಲಿ, ಬ್ಯಾಡನ್ನೂದಿಲ್ಲ. ನಂದು ಮೂರ್ಸಲ ಆದಮ್ಯಾಲೆ ಮಾತಾಡ್ಲಿ. ಇಷ್ಟ ನೋಡ್ರಿ ನಾ ಕೇಳೂದು."

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ಅಕ್ಕಾರ, ಕೇಳಸ್ತದೇನ್ರಿ ಇದು?" ತುಟಿ ನೋಡಿ ತಿಳಿದುಕೊಂಡೆ. "ಕೇಳಸ್ತದ. ಅದನ್ನ ನಾ ನೋಡ್ಕೋತೀನಿ" ಎಂದೆ.

ಕಂಪ್ಯೂಟರಿನ ಪರದೆಯಲ್ಲಿ ದನಿ ಕಣ್ಣಿಗೂ ಕಾಣುತ್ತದೆ. ಅಧ್ಯಕ್ಷರದು ಸಾಲು ಹುತ್ತಗಳ ಹಾಗೆ ಎದ್ದಿತ್ತು. ಕಾಶವ್ವನದು ಇರುವೆ ಸಾಲು. ಇವೆರಡನ್ನೂ ಒಂದು ಮಟ್ಟಕ್ಕೆ ತರುವುದು ನನ್ನ ಕೆಲಸ. ಕೇಳುವವರಿಗೆ ಇದು ಸುಲಭವೆಂದು ತೋರುತ್ತದೆ, ಚಿಕ್ಕದನ್ನು ಎತ್ತು, ದೊಡ್ಡದನ್ನು ಇಳಿಸು. ಆದರೆ ಕಾಶವ್ವನ ಮಾತನ್ನು ಎತ್ತಿದರೆ ಅದರ ಜೊತೆಗೆ ಫ್ಯಾನಿನ ಗುಂಯ್‌ಗುಡುವಿಕೆಯೂ ಏಳುತ್ತದೆ, ಬಳೆಯ ಸದ್ದು ಕಂಚಿನ ತಾಳವಾಗುತ್ತದೆ, ಗೋಡೆಯ ಹಲ್ಲಿ ಲೊಚಗುಟ್ಟಿದ್ದು ಸಭಾಸದಸ್ಯರ ಅಭಿಪ್ರಾಯದಂತೆ ಕೇಳುತ್ತದೆ. ಅದಕ್ಕೇ ಒಂದೊಂದು ವಾಕ್ಯವನ್ನೂ ಬೇರೆಯಾಗಿ ಎತ್ತಬೇಕು, ನಡುವಿನ ಬಿಡುವುಗಳನ್ನು ತಗ್ಗಿಸಬೇಕು. ಅಧ್ಯಕ್ಷರದರಲ್ಲಿ ತೊಂದರೆ ಬೇರೆ. "ಅಭಿವೃದ್ಧಿ" ಎಂದಾಗಲೆಲ್ಲ ದನಿ ಗೆರೆ ದಾಟುತ್ತಿತ್ತು. ಇಡೀ ಮಾತನ್ನು ಇಳಿಸಿದರೆ ಉಳಿದ ಪದಗಳು ಸಾಯುತ್ತವೆ, ಆದ್ದರಿಂದ ಅಭಿವೃದ್ಧಿಗಳನ್ನಷ್ಟೇ ಒಂದೊಂದಾಗಿ ಒತ್ತಿ ತಗ್ಗಿಸಿದೆ. ಬಹಳ ಇದ್ದವು.

ಎಲ್ಲ ಮುಗಿದ ಮೇಲೆ ನನ್ನದೊಂದು ಪರೀಕ್ಷೆ ಇದೆ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಪಾಡ್‌ಕಾಸ್ಟ್ ಹಚ್ಚಿ ರೊಟ್ಟಿಗೆ ಹಿಟ್ಟು ನಾದುತ್ತೇನೆ. ನಮ್ಮೂರಿನಲ್ಲಿ ಹೆಚ್ಚಿನವರು ಕೇಳುವುದು ಹಾಗೆಯೇ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾದಾಗ ಹಿಟ್ಟಿನ ಕೈ ಫೋನಿನ ಕಡೆ ಹೋಗಬಾರದು, ಏರಿಸಲಿಕ್ಕೂ ಹೋಗಬಾರದು, ಇಳಿಸಲಿಕ್ಕೂ ಹೋಗಬಾರದು. ಅಂದು ಎರಡು ರೊಟ್ಟಿಯ ಹಿಟ್ಟು ನಾದಿದೆ. ಕೈ ಹೋಗಲಿಲ್ಲ.

ಮರುದಿನ ಅಧ್ಯಕ್ಷರ ಆಪ್ತ ಸಹಾಯಕ ಅಡಿವೆಪ್ಪ ಕೇಳಲು ಬಂದ. ಬಿಳಿ ಅಂಗಿಯ ಜೇಬಿನಲ್ಲಿ ಅಧ್ಯಕ್ಷರ ಎರಡನೇ ಫೋನು, ಕೈಯಲ್ಲಿ ಮೊದಲನೆಯದು. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಕೇಳಿ ಗಾಬರಿಯಾದ.

"ಮೇಡಂ, ಎರಡೂ ಒಂದ ಸಮ ಕೇಳಸ್ತಾವಲ್ರಿ!"

"ಹೌದು. ಅದ ನನ್ನ ಕೆಲಸ."

"ಅಲ್ರಿ, ಅಧ್ಯಕ್ಷರೂ ಸಂತಿ ಹೆಣ್ಣಮಗಳೂ ಒಂದ ಸಮ ಅಂದ್ರ ಅದು ಸಮ ಹೆಂಗಾತ್ರಿ? ಸಮ ಅಂದ್ರ ಅವರವರ ಯೋಗ್ಯತಾಕ್ಕ ತಕ್ಕಂಗ ಇರಬೇಕು."

"ಕೇಳೋರಿಗೆ ಇಬ್ಬರ ಮಾತೂ ತಿಳಿಬೇಕಲ್ಲ ಅಡಿವೆಪ್ಪ."

"ಅಧ್ಯಕ್ಷರ ಮಾತು ತಿಳೀಲಿಕ್ಕೆ ಇರೂದಲ್ಲ ಮೇಡಂ. ಕೇಳಲಿಕ್ಕೆ ಇರೂದು" ಎಂದ. ಅವನು ಇದನ್ನು ಹೊಗಳಿಕೆಯಾಗಿಯೇ ಹೇಳಿದ್ದು.

ಸಂಜೆಯೊಳಗೆ ಅಡಿವೆಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಅಧ್ಯಕ್ಷರೇ ಬಂದರು. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಪರದೆಯ ಮೇಲೆ ತಮ್ಮ ಹುತ್ತಗಳನ್ನು ನೋಡಿದರು. ಸಪಾಟಾಗಿದ್ದವು. ಅವರ ಮುಖ ಸಣ್ಣದಾಯಿತು.

"ಇದು ನಂದೇನ್ರಿ?"

"ತಮ್ಮದ ಸರ್."

"ಏರಸ್ರಿ."

ಏರಿಸಿದೆ. "ಇನ್ನೊಂದಿಷ್ಟು" ಎಂದರು. ಮತ್ತೆ ಏರಿಸಿದೆ. "ಇನ್ನೊಂದಿಷ್ಟು."

"ಇದರ ಮ್ಯಾಲೆ ಹೋದ್ರ ದನಿ ಒಡೀತದ ಸರ್."

"ಒಡೀಲಿ. ಒಡದ ದನಿಗೆ ಒಂದು ಗಾಂಭೀರ್ಯ ಇರ್ತದ" ಎಂದರು. ಕಾಶವ್ವನದನ್ನು ತೋರಿಸಿ ಕೇಳಿದರು, "ಆಕಿದು ಯಾಕ ಇಷ್ಟು ದಪ್ಪ ಆಗ್ಯದ?"

"ಮಾತು ತಿಳೀಲಿ ಅಂತ ನಾನ ಎತ್ತೀನಿ."

"ಛೇ ಛೇ. ಪ್ರಜೆಗಳ ಮಾತನ್ನ ನಾವು ತಿದ್ದಬಾರದು ಮೇಡಂ. ಆಕಿ ಹೆಂಗ ಹೇಳ್ಯಾಳೋ ಹಂಗ ಇರ್ಲಿ. ಅದು ಪ್ರಾಮಾಣಿಕತನ."

ಪತ್ರಿಕೆಯಲ್ಲಿದ್ದಾಗಲೂ ಇಂಥವರನ್ನು ನೋಡಿದ್ದೆ. ಅವರು ಸುದ್ದಿ ಬದಲಿಸಿ ಎನ್ನುತ್ತಿರಲಿಲ್ಲ, ಅಕ್ಷರದ ಗಾತ್ರ ಬದಲಿಸಿ ಎನ್ನುತ್ತಿದ್ದರು. ನಾನು ಒಲ್ಲೆನೆಂದರೆ ಅಡಿವೆಪ್ಪನ ಅಳಿಯನೊಬ್ಬ ಈ ಕೆಲಸಕ್ಕೆ ಕಾಯುತ್ತಿದ್ದ. ಅವನ ಕೈಗೆ ಹೋದರೆ ಕಾಶವ್ವನ ಪಿಸುಮಾತೂ ಉಳಿಯುವುದು ಸಂಶಯ. ಅವರು ಹೇಳಿದ ಹಾಗೆಯೇ ಮಾಡಿದೆ, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಒಂದು ಮಾತು ಕೇಳಬೇಕಿತ್ತು, ಕೇಳಿದೆ: "ಸಭಾದಾಗ ಸ್ಪೀಕರ್ ಎಲ್ಲಿ ಇಡೂದು ಸರ್?"

"ನನ್ನ ಕುರ್ಚಿ ಮಗ್ಗಲಕ್ಕ. ದನಿ ನನ್ನಿಂದನ ಬಂದಂಗ ಇರಬೇಕು."

"ಇಷ್ಟು ಎತ್ತರದ ದನಿ ಹತ್ತಿರದವರದನ್ನ ಮೊದಲು ತಗೋತದ ಸರ್."

ಅಧ್ಯಕ್ಷರು ನಕ್ಕರು. ಅಡಿವೆಪ್ಪನೂ ನಕ್ಕ. "ನನ್ನ ದನಿ ನನ್ನದನ್ನ ತಗೋತದೇನ್ರಿ? ಮನಿ ಯಜಮಾನ ಮನಿಯಾಗ ಕಳವು ಮಾಡ್ತಾನೇನು? ನೀವು ಬರೇ ಹಚ್ಚಿಬಿಡ್ರಿ. ಒಮ್ಮೆ ಹಚ್ಚಿದ ಮ್ಯಾಲೆ ಗುಂಡಿಗೆ ಕೈ ಹಚ್ಚಬ್ಯಾಡ್ರಿ, ಯಾರ್ ಹೇಳಿದ್ರೂ ಸೈತ."

ಪಾಡ್‌ಕಾಸ್ಟ್ ಶನಿವಾರ ಜನರ ಫೋನಿಗೆ ಹೋಯಿತು. ಅಂದು ಊರಿನ ಎಷ್ಟು ಫೋನುಗಳಿಗೆ ಹಿಟ್ಟು ಹತ್ತಿತೋ ಹೇಳಲಾರೆ. ನಮ್ಮ ಓಣಿಯಲ್ಲಂತೂ ಎಲ್ಲರದಕ್ಕೂ ಹತ್ತಿತ್ತು. ಕಾಶವ್ವನ ಮಾತಿಗೆಂದು ಏರಿಸಿದ್ದರು, ಅಧ್ಯಕ್ಷರದು ಶುರುವಾದೊಡನೆ ಬೆಚ್ಚಿ ಇಳಿಸಿದ್ದರು. ಮಧ್ಯಾಹ್ನ ಕಾಶವ್ವ ನಮ್ಮ ಮನೆಯ ಕಟ್ಟೆಯ ಬಳಿ ನಿಂತಳು, ಒಳಗೆ ಬರಲಿಲ್ಲ.

"ಅಲ್ಲಿ ಸಂತ್ಯಾಗ ಅವ್ರು ನುಂಗ್ತಿದ್ರು. ಇಲ್ಲಿ ಡಬ್ಬಿಯೊಳಗ ನೀವು ನುಂಗಿದ್ರಿ. ಕೇಳಸ್ತದ ಅಂದಿದ್ರಲ್ಲ?"

"ಸೋಮವಾರ ಸಭಾಕ್ಕ ಬಾ" ಎಂದೆ.

"ಬಂದು? ನನ್ನ ಮಾತು ನನಗ ಕೇಳದಂಗ ಆಗೂದನ್ನ ನೋಡ್ಲೇನು?" ಎಂದು ಹೊರಟಳು. ತಿರುವಿನಲ್ಲಿ ನಿಂತು, "ಬರ್ತೀನಿ ಬಿಡ್ರಿ, ಸಂತಿ ಸತ್ತ ದಿನಾನಾದ್ರೂ ನೋಡಬೇಕಲ್ಲ" ಎಂದು ಕೂಗಿ ಹೋದಳು. ಆ ಕೂಗಿಗೆ ನನ್ನ ಬಾಯಲ್ಲಿದ್ದ ಸಮಾಧಾನದ ಮಾತು ಅಲ್ಲೇ ಉಡುಗಿತು.

ಸಭಾಂಗಣದಲ್ಲಿ ಕೂರುವ ಕ್ರಮ ಹೀಗಿದೆ: ಅಧ್ಯಕ್ಷರ ಕುರ್ಚಿ ಮುಂದೆ, ಅವರಿಗೆ ಬೇಕಾದ ಹನ್ನೊಂದು ಮಂದಿ ಸದಸ್ಯರು ಬೇಕಾದ ಪ್ರಮಾಣಕ್ಕೆ ತಕ್ಕಂತೆ ಹತ್ತಿರ, ಬೇಡವಾದ ನಾಲ್ವರು ಕೊನೆಯ ಬೆಂಚಿನಲ್ಲಿ. ಮುಖ್ಯಾಧಿಕಾರಿ ವಸಂತರಾವ್ ಕಟ್ಟಿಯವರಿಗೆ ನಿಯಮ ಓದಲು ದನಿ ಬೇಕಾದ್ದರಿಂದ ಅವರ ಮೇಜು ಹಿಂದಿನಿಂದಲೂ ಬಾಗಿಲ ಪಕ್ಕದಲ್ಲಿದೆ. ಮತ ಹಾಕುವುದು ಬಾಯಿಂದ. ಮೊದಲು ಕೈ ಎತ್ತುತ್ತಿದ್ದರು. ಹಿಂದಿನ ವರ್ಷ ಅಧ್ಯಕ್ಷರು ತಿದ್ದುಪಡಿ ತಂದು ಧ್ವನಿಮತವೊಂದನ್ನೇ ಉಳಿಸಿದರು. ಹನ್ನೊಂದು ಮಂದಿ ಒಟ್ಟಿಗೆ "ಹೌದು" ಎಂದು ಅಬ್ಬರಿಸಿದ ಮೇಲೆ ಹಿಂದಿನ ಬೆಂಚಿನಿಂದ "ಇಲ್ಲ" ಬರುವ ಸಂಭವವೇ ಇರಲಿಲ್ಲ. ಆ ವರ್ಷದ ಎಲ್ಲ ಠರಾವುಗಳೂ ಅವಿರೋಧ.

ಸೋಮವಾರ ಸ್ಪೀಕರನ್ನು ಅಧ್ಯಕ್ಷರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು, ಅದರ ಬದಿಗೇ ನಾನು ಕೂತೆ. ಕಾಶವ್ವ ಬಾಗಿಲಾಚೆ ನಿಂತಿದ್ದಳು. ಮೊದಲು ಅವಳ ಮಾತು ಬಂತು, ಅಥವಾ ಬಂತೆಂದು ನಾನು ಬಲ್ಲೆ. "ಏನ್ರಿ ಇದು, ಇರುವಿ ಮಾತಾಡಾಕತ್ತದೇನು?" ಎಂದು ಉಪಾಧ್ಯಕ್ಷ ನಿಂಗನಗೌಡರು ಕೇಳಿದರು. ಮುಂದಿನ ಸಾಲು ನಕ್ಕಿತು. ಕಾಶವ್ವ ಸೆರಗಿನ ತುದಿ ಹಿಡಿದು ತಿರುವುತ್ತಿದ್ದಳು.

ನಂತರ ಅಧ್ಯಕ್ಷರು ಪಕ್ಕಕ್ಕೆ ವಾಲಿ "ಈಗ ಕೇಳ್ರಿ, ಈಗ ನನ್ನ..." ಎಂದರು. ಅಷ್ಟರಲ್ಲಿ ಸ್ಪೀಕರಿನಿಂದ ಅವರ "ಮಾನ್ಯರೇ" ಸಿಡಿಯಿತು. ಅವರ ವಾಕ್ಯ ಅಲ್ಲಿಗೇ ತುಂಡಾಯಿತು. ನಿಂಗನಗೌಡರ ಆಕಳಿಕೆ ಸದ್ದಿಲ್ಲದ್ದಾಯಿತು. ಎರಡನೆಯ ಸಾಲಿನಲ್ಲಿ ಕೆಮ್ಮುತ್ತಿದ್ದವರ ಕೆಮ್ಮು ನಿಂತಿತು, ಎದೆ ಮಾತ್ರ ಕುಲುಕುತ್ತಿತ್ತು. ಹನ್ನೊಂದು ಮಂದಿಯದೂ ಹೋಯಿತು, ನನ್ನದೂ ಹೋಯಿತು. ಅಷ್ಟು ತಿಂದ ಮೇಲೆ ಸ್ಪೀಕರಿಗೆ ಹೊಟ್ಟೆ ತುಂಬಿತು. ಕೊನೆಯ ಬೆಂಚಿನವರೆಗೆ ಹೋಗಲಿಲ್ಲ. ಅಲ್ಲಿಯ ನಾಲ್ವರು ಕಿವಿ ಮುಚ್ಚಿಕೊಂಡು ತಮ್ಮತಮ್ಮಲ್ಲಿ ಎಂದಿನಂತೆ ಗೊಣಗುತ್ತಿದ್ದರು.

ಮೊದಮೊದಲು ಅಧ್ಯಕ್ಷರು ಇದನ್ನು ಗೌರವವೆಂದು ತಿಳಿದರು. ತಮ್ಮ ಅಭಿವೃದ್ಧಿಗಳಿಗೆ ತಾವೇ ತಲೆದೂಗಿದರು. ನೀರು ಬೇಕೆನಿಸಿ ಅಡಿವೆಪ್ಪನನ್ನು ಕರೆದಾಗ ಅವರಿಗೆ ತಿಳಿಯಿತು. ಅಡಿವೆಪ್ಪ ಬರಲಿಲ್ಲ, ಕರೆದದ್ದು ಅವನಿಗೆ ಕೇಳಿರಲಿಲ್ಲ. ಅವರು ನನ್ನ ಕಡೆ ತಿರುಗಿ ಅಂಗೈಯನ್ನು ಕೆಳಗೆ ಕೆಳಗೆ ಒತ್ತಿದರು. ಇಳಿಸಿ ಎಂದು ಅರ್ಥ. ಗುಂಡಿ ನನ್ನ ಬೆರಳಿಗೆ ಒಂದು ಗೇಣು ದೂರದಲ್ಲಿತ್ತು. ಆ ಹೊತ್ತು ನನ್ನ ಕೈಗೆ ಹಿಟ್ಟು ಹತ್ತಿರಲಿಲ್ಲ. ಆದರೂ ನಾನು ಮುಟ್ಟಲಿಲ್ಲ.

ನಲವತ್ತು ನಿಮಿಷ ಮುಗಿಯಿತು. ಹೋದ ದನಿಗಳು ಮರಳಲು ಇನ್ನೂ ನಲವತ್ತು ನಿಮಿಷ ಬೇಕಿತ್ತು. ಕಟ್ಟಿಯವರು ಎದ್ದು ಕನ್ನಡಕ ಸರಿಮಾಡಿಕೊಂಡರು. ಮಾರುಕಟ್ಟೆ ಸ್ಥಳಾಂತರದ ಠರಾವು ಓದಿದರು. "ಪರವಾಗಿ ಇರೋರು ಹೌದು ಅನ್ರಿ" ಎಂದರು.

ಹನ್ನೊಂದು ಬಾಯಿ ತೆರೆದವು. ಅಧ್ಯಕ್ಷರದೂ ಸೇರಿ ಹನ್ನೆರಡು. ಹೊರಗಿನ ಹೊಸ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ನಿಯಮದಂತೆ ಕಟ್ಟಿಯವರು ಮೂರು ಬಾರಿ ಕರೆಯಬೇಕು, ಎರಡನೆಯ ಬಾರಿ ಕರೆದರು. ಅಧ್ಯಕ್ಷರು ಎದ್ದು ಎರಡೂ ಕೈ ಎತ್ತಿದರು.

"ಕೈ ಎತ್ತೂದನ್ನ ಹೋದ ವರ್ಷನ ತಗದೀವ್ರಿ ಸರ್. ತಮ್ಮದ ತಿದ್ದುಪಡಿ."

ಅಧ್ಯಕ್ಷರು ನಿಂಗನಗೌಡರ ಪೆನ್ನು ಕಸಿದು ಏನೋ ಗೀಚಿ ಎತ್ತಿ ಹಿಡಿದರು. ಕಟ್ಟಿಯವರು ದೂರದಿಂದಲೇ ತಲೆಯಾಡಿಸಿದರು. "ಚೀಟಿ ನಡ್ಯಂಗಿಲ್ರಿ. ಸಭಾ ಮುಂದೂಡಬೇಕಂದ್ರ ಅಧ್ಯಕ್ಷರು ಬಾಯಿಂದ ಹೇಳಬೇಕು. ಅದೂ ತಮ್ಮದ ತಿದ್ದುಪಡಿ."

ಮೂರನೆಯ ಬಾರಿ ಕರೆಯುವ ಮೊದಲು ಕಟ್ಟಿಯವರು ಸ್ವಲ್ಪ ತಡೆದರು. ಬಾಗಿಲಾಚೆಯಿಂದ ಕಾಶವ್ವ ಗಟ್ಟಿಯಾಗಿ ಅಂದಳು: "ಮೂರ್ಸಲ ಅಂದ್ಬಿಡ್ರಿ ಸಾಹೇಬ್ರ, ಮಾಲು ಬಾಡ್ತದ."

ಮೂರನೆಯ ಸಲವೂ ಯಾವ ಸದ್ದೂ ಬರಲಿಲ್ಲ. "ವಿರೋಧ ಇರೋರು ಇಲ್ಲ ಅನ್ರಿ" ಎಂದರು. ಹಿಂದಿನ ಬೆಂಚಿನ ಮೆಹಬೂಬಸಾಬ ನದಾಫ ಅಭ್ಯಾಸ ತಪ್ಪಿಹೋಗಿದ್ದರಿಂದ ಒಮ್ಮೆ ಗಂಟಲು ಸರಿಮಾಡಿಕೊಂಡು ನೋಡಿದರು, ದನಿ ಇದೆ. "ಇಲ್ಲ" ಎಂದರು. ಉಳಿದ ಮೂವರೂ ಎಂದರು. ಅದರಲ್ಲೊಬ್ಬರು ಆ ಸಂತೋಷಕ್ಕೆ ಎರಡು ಸಲ ಎಂದರು. ಕಟ್ಟಿಯವರು ಒಂದನ್ನೇ ಲೆಕ್ಕಕ್ಕೆ ಹಿಡಿದರು. ಠರಾವು ಅವಿರೋಧವಾಗಿ ಬಿದ್ದಿತು.

ದನಿ ಮರಳಿದ ಮೇಲೆ ಅಧ್ಯಕ್ಷರು ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯುವಂತಿಲ್ಲ. ಮಧ್ಯಾಹ್ನ ಅಡಿವೆಪ್ಪ ಉಗ್ರಾಣಕ್ಕೆ ಬಂದು, ಎರಡು ಫೋನುಗಳನ್ನೂ ಮೇಜಿನ ಮೇಲಿಟ್ಟು ಕೂತ.

"ಮೇಡಂ, ಅಧ್ಯಕ್ಷರು ಹೇಳ್ಯಾರ್ರಿ, ಇನ್ನ ಮ್ಯಾಲೆ ಎಲ್ಲಾರದೂ ಒಂದ ಸಮ ಇಡ್ರಿ ಅಂತ."

"ಸಂತಿಯವರದೂ?"

"ಸಂತಿಯವರದೂ." ಹೊರಡಲು ಎದ್ದವನು ಬಾಗಿಲಲ್ಲಿ ತಡೆದು ತಗ್ಗಿದ ದನಿಯಲ್ಲಿ ಅಂದ: "ಆದ್ರೂ... ಅಧ್ಯಕ್ಷರದು ಒಂದೀಟ ಮ್ಯಾಲೆ. ಗೊತ್ತಾಗದಂಗ."

ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಮುದುಕಿ ಒಂದು ಬುಟ್ಟಿ ಬದನೆಕಾಯಿ ತಂದಳು. ಸವಾಲು ಮುನ್ನೂರ ಹತ್ತಕ್ಕೆ ನಿಂತಿತು. ಕಾಶವ್ವ ಒಂದ್ಸಲ ಎಂದಳು, ಎರಡ್ಸಲ ಎಂದಳು, ರಸ್ತೆಯಾಚೆ ಒಮ್ಮೆ ನೋಡಿ ಮೂರ್ಸಲ ಎಂದಳು. ಬುಟ್ಟಿ ಖಾನಾವಳಿಯವನ ಸೈಕಲ್ ಏರಿತು.